ಜರ್ಮನ್ ಬಲ್ಲವನ ಡಚ್ಚು

(ಬಾನುಲಿ ಭಾಷಣ)

ನಾನು ಜರ್ಮನ್ ಕಲಿತದ್ದು ಗಯಟೆಯ ಮೋಹದಿಂದಲ್ಲ, ಕಿಟೆಲ್ಲರ ದೆಸೆಯಿಂದ. ಕನ್ನಡ ಎಂ.ಎ. ಮುಗಿಸಿ ಅಧ್ಯಾಪಕನಾದ ಹೊಸತರಲ್ಲಿ ಒಂದು ಸಂಕೋಚ ನನ್ನನ್ನು ಕಾಡುತ್ತಿತ್ತು. ದಿನ ಬೆಳಗಾದರೆ ಯಾರ ನಿಘಂಟನ್ನು ಬಿಡಿಸಿ ಕೂರುತ್ತೇವೆಯೋ ಆ ಹಿರಿಯರು ತಮ್ಮವರಿಗೆ ಕಾಗದ ಬರೆದ ಭಾಷೆಯಲ್ಲಿ ನಮಗೆ ಒಂದಕ್ಷರವೂ ತಿಳಿಯದಲ್ಲ ಎಂಬ ಸಂಕೋಚ. ಬೆಂಗಳೂರಿನ ಮ್ಯಾಕ್ಸ್‌ಮುಲ್ಲರ್ ಭವನದಲ್ಲಿ ಎರಡು ಬೇಸಗೆಯ ರಜೆಗಳನ್ನು ಸವೆಸಿದೆ. ವ್ಯಾಕರಣ ಒಲಿಯಿತು, ನಾಲಗೆ ಅಷ್ಟಾಗಿ ಒಲಿಯಲಿಲ್ಲ. ಆದರೂ ಪುಸ್ತಕ ಓದಬಲ್ಲೆ, ದಾರಿ ಕೇಳಬಲ್ಲೆ, ಊಟಕ್ಕೆ ಹೇಳಬಲ್ಲೆ ಎನ್ನುವಷ್ಟು ಜರ್ಮನ್ ನನ್ನದಾಯಿತು. ಆ ಅಲ್ಪ ಬಂಡವಾಳವನ್ನು ನೆಚ್ಚಿಕೊಂಡು ಇನ್ನೊಂದು ಭಾಷೆಯ ನಾಡನ್ನು ಹೊಕ್ಕ ಕಥೆ ಇದು.

1993ರ ಬೇಸಗೆಯಲ್ಲಿ ಬಾಸೆಲ್ ಮಿಶನ್ನಿನ ದಾಖಲೆಗಳ ಸಂಗ್ರಹದಲ್ಲಿ ಎರಡು ವಾರ ಕೂತು ಓದುವ ಅವಕಾಶ ನನಗೆ ದೊರೆಯಿತು. ಅಲ್ಲಿಂದ ಹೊರಟವನು ನೇರವಾಗಿ ಊರಿಗೆ ಮರಳದೆ ಜರ್ಮನಿಯ ವಾಯವ್ಯದ ಅಂಚಿಗೆ, ಓಸ್ಟ್‌ಫ್ರೀಸ್‌ಲಾಂಡ್ ಎಂಬ ಕಡಲ ತಡಿಯ ಸೀಮೆಗೆ ಹೋದೆ. ಫರ್ಡಿನಾಂಡ್ ಕಿಟೆಲ್ 1832ರಲ್ಲಿ ಹುಟ್ಟಿದ ರೆಸ್ಟರ್‌ಹಾಫೆ ಎಂಬ ಸಣ್ಣ ಹಳ್ಳಿ ಅಲ್ಲಿದೆ. ನೋಡಲು ಅಲ್ಲಿ ಹೆಚ್ಚೇನೂ ಇಲ್ಲ. ಕಣ್ಣು ಹಾಯುವವರೆಗೂ ಬಯಲು, ಹುಲ್ಲು, ದನ, ಒಂದು ಹಳೆಯ ಇಗರ್ಜಿ, ಬಿಡುವಿಲ್ಲದ ಗಾಳಿ. ಆ ಸೀಮೆಯ ಜನ ಜರ್ಮನರಲ್ಲಿ ವಿಲಕ್ಷಣರು. ಕಾಫಿಗಿಂತ ಚಹಾ ಅವರಿಗೆ ಪ್ರಿಯ. ಬಟ್ಟಲಲ್ಲಿ ಕಲ್ಲುಸಕ್ಕರೆಯ ಹರಳಿಟ್ಟು, ಮೇಲೆ ಬಿಸಿ ಚಹಾ ಹೊಯ್ದು, ಅದು ಚಟಪಟ ಎನ್ನುವುದನ್ನು ಕೇಳಿ ಸಂತೋಷಪಡುತ್ತಾರೆ. ಹಾಗೆ ಚಹಾ ಕೊಟ್ಟ ಅಂಗಡಿಯಾತ, ನಾನು ಮರುದಿನ ಗಡಿ ದಾಟಿ ನೆದರ್ಲೆಂಡ್ಸಿಗೆ ಹೋಗುತ್ತೇನೆಂದು ತಿಳಿದು, ‘ನಿಮಗೇನು ಚಿಂತೆ? ಜರ್ಮನ್ ಬಂದರೆ ಡಚ್ಚು ಬಂದಂತೆಯೇ’ ಎಂದ. ನನಗೆ ಬೇಕಾದದ್ದೂ ಅದೇ ಮಾತು.

ಲೇರ್ ಎಂಬ ಪಟ್ಟಣದಿಂದ ಗ್ರೋನಿಂಗೆನ್ ನಗರಕ್ಕೆ ಹೋಗುವ ಸಣ್ಣ ರೈಲು ಎಮ್ಸ್ ನದಿಯ ಕಬ್ಬಿಣದ ಸೇತುವೆಯನ್ನು ದಾಟಿ ಗಡಿಯ ಆಚೆಗೆ ಇಳಿಯುತ್ತಿತ್ತು. (2015ರಲ್ಲಿ ಸರಕಿನ ಹಡಗೊಂದು ಬಡಿದು ಆ ಸೇತುವೆ ಮುರಿಯಿತೆಂದು ಓದಿ, ನನ್ನದೇ ಏನೋ ಮುರಿದಂತೆ ಅನಿಸಿತು.) ಗಡಿಯ ಎರಡೂ ಕಡೆ ಅದೇ ಬಯಲು, ಅದೇ ದನ, ಅದೇ ಗಾಳಿ. ಈಚೆ ದಿನದ ಯಾವ ಹೊತ್ತಿನಲ್ಲಾದರೂ ಎದುರಾದವರು ‘ಮೊಯಿನ್’ ಎಂದು ಕುಶಲ ಕೇಳುತ್ತಿದ್ದರು. ಆಚೆ ಇಳಿದಾಗ ‘ಮೊಯ್’ ಎಂದರು. ಬದಲಾದದ್ದು ಫಲಕಗಳು. ನಾನು ಕಿಟಕಿಗೆ ಮುಖವೊತ್ತಿ, ಮೊದಲ ತರಗತಿಯ ಹುಡುಗನಂತೆ, ಕಂಡ ಕಂಡ ಫಲಕಗಳನ್ನೆಲ್ಲ ಓದುತ್ತ ಹೋದೆ. ಅರ್ಥವಾಗುತ್ತಿತ್ತು! ಆ ಉಲ್ಲಾಸವನ್ನು ಈಗ ನೆನೆದರೂ ಮೈ ಬೆಚ್ಚಗಾಗುತ್ತದೆ.

ಹೇಗೆ ಅರ್ಥವಾಗುತ್ತಿತ್ತೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳಗನ್ನಡ ಪಾಠ ಹೇಳುವವರ ಬಳಿ ಒಂದು ಬೀಗದ ಕೈ ಇರುತ್ತದೆ. ಪಂಪಭಾರತವನ್ನು ತೆರೆದ ಮೊದಲ ದಿನ ಹುಡುಗರು ಕಂಗಾಲಾಗುತ್ತಾರೆ. ಆಗ ಕರಿಹಲಗೆಯ ಮೇಲೆ ‘ಪ’ ಎಂದು ಬರೆದು, ಒಂದು ಬಾಣ ಎಳೆದು, ‘ಹ’ ಎಂದು ಬರೆಯುತ್ತೇವೆ. ಪಾಲ್ ಎಂಬುದು ಹಾಲು, ಪುಲಿ ಎಂಬುದು ಹುಲಿ, ಪಗೆ ಎಂಬುದು ಹಗೆ, ಪೂ ಎಂಬುದು ಹೂ. ಅರ್ಧ ತರಗತಿಯ ಮುಖ ಅರಳುತ್ತದೆ. ಇದೇ ಕೈಯಿಂದ ತಮಿಳಿನ ಬಾಗಿಲೂ ಒಂದಿಷ್ಟು ತೆರೆಯುತ್ತದೆ. ನಮ್ಮ ಹಳ್ಳಿ ಅವರ ಪಳ್ಳಿಯಾಗಿ, ನಮ್ಮ ಹಂದಿ ಅವರ ಪನ್ರಿಯಾಗಿ ಸಿಕ್ಕುತ್ತದೆ. ಜರ್ಮನ್ ಮತ್ತು ಡಚ್ಚಿನ ನಡುವೆ ಇರುವುದೂ ಇಂಥದೇ ಬೀಗ. ಕೈಗಳು ಮಾತ್ರ ಒಂದಲ್ಲ, ಮೂರು ನಾಲ್ಕು.

ಜರ್ಮನಿನ ‘ಫ’ಕಾರ ಎಷ್ಟೋ ಕಡೆ ಡಚ್ಚಿನಲ್ಲಿ ‘ಪ’ಕಾರವಾಗಿ ಉಳಿದಿದೆ. ಹಡಗಿಗೆ ಅವರು ಷಿಫ್ ಎಂದರೆ ಇವರು ಸ್ಖಿಪ್ ಎನ್ನುತ್ತಾರೆ. ‘ತೆರೆದಿದೆ’ ಎಂಬುದಕ್ಕೆ ಅವರ ಓಫೆನ್, ಇವರ ಓಪೆನ್. ಜರ್ಮನಿನ ‘ಸ’ಕಾರ, ‘ತ್ಸ’ಕಾರಗಳ ಜಾಗದಲ್ಲಿ ಡಚ್ಚರು ‘ಟ’ಕಾರವನ್ನು ಇಟ್ಟುಕೊಂಡಿದ್ದಾರೆ. ನೀರು ಅಲ್ಲಿ ವಾಸ್ಸರ್, ಇಲ್ಲಿ ವಾಟರ್. ಬೀದಿ ಅಲ್ಲಿ ಷ್ಟ್ರಾಸೆ, ಇಲ್ಲಿ ಸ್ಟ್ರಾಟ್. ಹತ್ತು ಅಲ್ಲಿ ತ್ಸೇನ್, ಇಲ್ಲಿ ಟೀನ್. ‘ಖ’ಕಾರಕ್ಕೆ ಪ್ರತಿಯಾಗಿ ‘ಕ’ಕಾರ: ಪುಸ್ತಕ ಅಲ್ಲಿ ಬೂಖ್, ಇಲ್ಲಿ ಬೂಕ್, ಮಾಡುವುದು ಅಲ್ಲಿ ಮಾಖೆನ್, ಇಲ್ಲಿ ಮಾಕೆನ್. ಇನ್ನೊಂದು ವಿಶೇಷವೆಂದರೆ ಡಚ್ಚಿನಲ್ಲಿ ‘ಲ’ಕಾರ ಕೆಲವೆಡೆ ಕರಗಿಹೋಗಿದೆ. ಹಳೆಯದು ಎಂಬುದಕ್ಕೆ ಜರ್ಮನರ ಆಲ್ಟ್, ಡಚ್ಚರ ಔಟ್; ತಣ್ಣನೆಯದಕ್ಕೆ ಕಾಲ್ಟ್ ಮತ್ತು ಕೌಟ್; ಮರಕ್ಕೆ ಹೋಲ್ತ್ಸ್ ಮತ್ತು ಹೌಟ್. ನಮ್ಮಲ್ಲಿ ಎರ್ದೆ ಎದೆಯಾದಾಗ, ಇರ್ದ ಇದ್ದನಾದಾಗ ರೇಫ ಕರಗಿದಂತೆಯೇ. ಇಷ್ಟು ತಿಳಿದವನು ಡಚ್ ಪತ್ರಿಕೆಯ ತಲೆಬರಹಗಳನ್ನು ಅರ್ಧಕ್ಕರ್ಧ ಓದಬಲ್ಲ.

ಈ ಬೀಗದ ಕೈಗಳಲ್ಲಿ ಒಂದು ನಮ್ಮ ಮನೆಯ ಡಬ್ಬಿಯಲ್ಲೇ ಇದೆ ಎಂಬುದು ನನಗೆ ಹೊಳೆದದ್ದು ಗ್ರೋನಿಂಗೆನ್ನಿನ ಒಂದು ಊಟದ ಮೇಜಿನ ಮುಂದೆ. ಮೇಜಿನ ಮೇಲೆ ಎರಡು ಕುಪ್ಪಿಗಳಿದ್ದವು. ಒಂದರ ಮೇಲೆ ‘ಜೌಟ್’. ಲಕಾರ ಕಳೆದ ಜಾಲ್ತ್ಸ್, ಅಂದರೆ ಉಪ್ಪು. ಇನ್ನೊಂದರ ಮೇಲೆ ‘ಪೇಪರ್’. ನಮ್ಮವರು ಸುದ್ದಿಪತ್ರಿಕೆಗೆ ಹೇಳುವ ಪೇಪರಿನಂತೆಯೇ ಅದರ ಉಚ್ಚಾರ. ಅದು ಮೆಣಸು, ಜರ್ಮನಿನಲ್ಲಿ ‘ಪ್ಫೆಫರ್’. ಸಂಸ್ಕೃತದ ‘ಪಿಪ್ಪಲಿ’ ಗ್ರೀಕರ ಬಾಯಲ್ಲಿ ‘ಪೆಪೆರಿ’ಯಾಗಿ, ರೋಮನರಲ್ಲಿ ‘ಪಿಪೆರ್’ ಆಗಿ, ಅವರ ವರ್ತಕರ ಚೀಲದಿಂದಲೋ ಸೈನಿಕರ ಅಡುಗೆಮನೆಯಿಂದಲೋ ಜರ್ಮನಿಕ್ ಜನರನ್ನು ಸೇರಿತು. ಸೇರಿದ ಮೇಲೆ ದಕ್ಷಿಣದವರ ಬಾಯಲ್ಲಿ ಅದರ ಎರಡು ಪಕಾರಗಳೂ ಸಡಿಲಿ ‘ಪ್ಫೆಫರ್’ ಆಯಿತು. ಉತ್ತರದವರು ‘ಪೇಪರ್’ ಎಂದೇ ಉಳಿಸಿಕೊಂಡರು. ಅದೇ ಪಿಪ್ಪಲಿ ಇತ್ತ ಕನ್ನಡದಲ್ಲಿ ಏನಾಯಿತು? ‘ಹಿಪ್ಪಲಿ’ ಆಯಿತು! ಒಂದೇ ಶಬ್ದದ ಪಕಾರ ರೈನ್ ತೀರದಲ್ಲಿಯೂ ತುಂಗಭದ್ರೆಯ ತೀರದಲ್ಲಿಯೂ, ಒಬ್ಬರಿಗೊಬ್ಬರು ಸುಳಿವು ಕೊಡದೆ, ಉಸಿರಾಗಿ ಸೋರಿಹೋಯಿತು. ಹಿಪ್ಪಲಿ ಬೇರೆ, ಕಾಳುಮೆಣಸು ಬೇರೆ ಎಂದು ಆಯುರ್ವೇದ ಬಲ್ಲವರು ಆಕ್ಷೇಪಿಸಬಹುದು. ನಿಜ. ಯೂರೋಪಿನಲ್ಲಿ ಹೆಸರು ಉಳಿದದ್ದು ಹಿಪ್ಪಲಿಯದು, ಹಣ ತಂದದ್ದು ಕಾಳುಮೆಣಸು. ಅತಿ ದುಬಾರಿಯಾದುದನ್ನು ಡಚ್ಚರು ಇಂದಿಗೂ ‘ಪೇಪರ್‌ಡ್ಯೂರ್’, ಮೆಣಸಿನಷ್ಟು ತುಟ್ಟಿ, ಎನ್ನುತ್ತಾರೆ. 1602ರಲ್ಲಿ ಹುಟ್ಟಿದ ಅವರ ಈಸ್ಟ್ ಇಂಡಿಯಾ ಕಂಪನಿ ಕೆಳದಿ ಅರಸರ ಕಾಲದಲ್ಲಿ ನಮ್ಮ ಬಸರೂರಿಗೂ ಅಕ್ಕಿ, ಮೆಣಸುಗಳ ವ್ಯಾಪಾರಕ್ಕೆ ಬಂದದ್ದುಂಟು.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ನಿವಾರಿಸಬೇಕು. ಡಚ್ಚು ಜರ್ಮನಿನ ಕೆಟ್ಟ ರೂಪವೆಂದು ನಕ್ಕವರನ್ನು ನಾನು ಬಲ್ಲೆ. ತುಳುವನ್ನು ಕನ್ನಡದ ಕೆಟ್ಟ ರೂಪವೆಂದು ನಗುವ ಮಹಾಶಯರು ನಮ್ಮಲ್ಲಿಯೂ ಇದ್ದಾರೆ. ಬದಲಾದದ್ದು ಡಚ್ಚಲ್ಲ, ಜರ್ಮನ್. ಸುಮಾರು 6ನೆಯ ಶತಮಾನದಿಂದ 8ನೆಯ ಶತಮಾನದವರೆಗೆ ಆಲ್ಪ್ಸ್ ಪರ್ವತದ ಕಡೆಯ ಜನರ ಬಾಯಲ್ಲಿ ಪ, ಟ, ಕಗಳು ಮೇಲೆ ಹೇಳಿದಂತೆ ಸಡಿಲತೊಡಗಿದವು. ಆ ಪಲ್ಲಟ ಉತ್ತರಕ್ಕೆ ಹಬ್ಬಿತು. ಹಬ್ಬುತ್ತ ಹಬ್ಬುತ್ತ ಶಕ್ತಿ ಕುಂದಿತು. ಮಾಕೆನ್ ಮತ್ತು ಮಾಖೆನ್ ನಡುವಣ ಗೆರೆಯನ್ನು ಪಂಡಿತರು ರೈನ್ ನದಿಯ ಬಳಿ, ಈಗ ಡ್ಯೂಸೆಲ್‌ಡಾರ್ಫ್ ನಗರಕ್ಕೆ ಸೇರಿರುವ ಬೆನ್‌ರಾತ್ ಎಂಬಲ್ಲಿ ಎಳೆಯುತ್ತಾರೆ. ಆದರೆ ಭಾಷೆ ಗೆರೆಗೆ ಬಗ್ಗುವುದಿಲ್ಲ. ಒಂದೊಂದು ಶಬ್ದ ಒಂದೊಂದು ಊರಿನಲ್ಲಿ ನಿಂತುಬಿಟ್ಟಿದೆ. ಕಲೋನ್ ನಗರದ ಆಡುಮಾತಿನಲ್ಲಿ ‘ಮಾಡು’ ಎಂಬುದು ಜರ್ಮನಿನ ದಾರಿ ಹಿಡಿದರೆ ‘ಅದು’ ಎಂಬುದು ಡಚ್ಚರ ‘ದಾಟ್’ ಆಗಿಯೇ ಇದೆ. ಬೆನ್‌ರಾತ್‌ನಿಂದ ಉತ್ತರದ ಬಯಲಿನ ಜರ್ಮನರು, ನಮ್ಮ ಓಸ್ಟ್‌ಫ್ರೀಸ್‌ಲಾಂಡಿನವರೂ ಸೇರಿ, ಮನೆಯಲ್ಲಿ ಆಡುತ್ತಿದ್ದ ನುಡಿ ‘ಪ್ಲಾಟ್’. ಅದಕ್ಕೆ ಪಲ್ಲಟದ ಗಾಳಿ ಸೋಕಲೇ ಇಲ್ಲ. ರೆಸ್ಟರ್‌ಹಾಫೆಯ ಬೀದಿಯಲ್ಲಿ ‘ಪೇಪರ್’, ಶಾಲೆಯಲ್ಲಿ ‘ಪ್ಫೆಫರ್’ ಎಂಬ ಎರಡು ರೂಪಗಳನ್ನೂ ಕೇಳಿ ಬೆಳೆದಿರಬೇಕಾದ ಹುಡುಗ ಮುಂದೆ 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ ನಿಘಂಟನ್ನು ಕೊಟ್ಟರು. ಅದರಲ್ಲಿ ಹಕಾರದ ಪುಟಗಳನ್ನು ತಿರುವಿದವರಿಗೆ ಒಂದೊಂದು ಶಬ್ದವೂ ಪಕಾರದ ಕಡೆಗೆ ಕೈ ತೋರುವುದು ಗೊತ್ತು. ಈ ಎರಡಕ್ಕೂ ಗಂಟು ಹಾಕಲು ನನ್ನ ಬಳಿ ಆಧಾರವಿಲ್ಲ. ಹಾಕಬೇಕೆಂಬ ಆಸೆ ಮಾತ್ರ ಇದೆ.

ಹಾಗಾದರೆ ಒಂದೇ ಬಯಲಿನ ನುಡಿಯಲ್ಲಿ ಈಚಿನದು ಆಡುಮಾತಾಗಿ, ಆಚಿನದು ಪ್ರತ್ಯೇಕ ಭಾಷೆಯಾದದ್ದು ಹೇಗೆ? ವ್ಯಾಕರಣ ಇದಕ್ಕೆ ಉತ್ತರ ಕೊಡದು; ಚರಿತ್ರೆಯನ್ನು ಕೇಳಬೇಕು. ಲೂಥರನ ಹೊಸ ಒಡಂಬಡಿಕೆ 1522ರಲ್ಲಿಯೂ ಇಡಿಯ ಬೈಬಲ್ 1534ರಲ್ಲಿಯೂ ಜರ್ಮನಿನಲ್ಲಿ ಬಂದವು. ಅದರ ಬೆನ್ನಿಗೆ ಉತ್ತರದ ಪಟ್ಟಣಗಳೂ ಶಾಲೆಗೆ, ಇಗರ್ಜಿಗೆ, ಕಚೇರಿಗೆ ದಕ್ಷಿಣದ ಜರ್ಮನನ್ನೇ ಬರೆಯತೊಡಗಿದವು. ಹಾನ್ಸಾ ವರ್ತಕರ ಕಾಲದಲ್ಲಿ ಬಾಲ್ಟಿಕ್ ಕಡಲನ್ನೆಲ್ಲ ಆಳಿದ ಪ್ಲಾಟ್ ಮನೆಯೊಳಗೆ ಸರಿಯಿತು. ಆದರೆ ನೆದರ್ಲೆಂಡ್ಸಿನವರು 1568ರಲ್ಲಿ ಸ್ಪೇನಿನ ದೊರೆಯ ಮೇಲೆ ದಂಗೆಯೆದ್ದು, 1581ರಲ್ಲಿ ಅವನನ್ನು ನಿರಾಕರಿಸಿ, 1648ರ ಮ್ಯೂನ್‌ಸ್ಟರ್ ಒಪ್ಪಂದದಲ್ಲಿ ಸ್ವತಂತ್ರರೆನಿಸಿಕೊಂಡರು. ಆ ಎಂಬತ್ತು ವರ್ಷಗಳ ಹೋರಾಟದ ನಡುವೆಯೇ ಡೋರ್ಡ್ರೆಖ್ಟ್‌ನಲ್ಲಿ 1618–19ರಲ್ಲಿ ಸೇರಿದ ಧರ್ಮಸಭೆ ತಮ್ಮದೇ ಬೈಬಲ್ ಬೇಕೆಂದು ನಿಶ್ಚಯಿಸಿತು. ಅದು 1637ರಲ್ಲಿ ಲೈಡನ್ ನಗರದಲ್ಲಿ ಅಚ್ಚಾಯಿತು. ಬೇರೆ ಬೇರೆ ಪ್ರಾಂತಗಳ ಪಂಡಿತರು ಎಲ್ಲರಿಗೂ ಸಲ್ಲುವ ರೂಪಗಳನ್ನು ಹೆಕ್ಕಿ ಕಟ್ಟಿದ ನುಡಿ ಅದು. ಬೇಲಿ ಕಟ್ಟುವವರೂ ಆಚೆಯ ತೋಟದಿಂದ ಗಳ ತಂದದ್ದುಂಟು: ‘ತನ್ನನ್ನು’ ಎಂಬುದಕ್ಕೆ ಇಂದಿನ ಡಚ್ಚರು ಬಳಸುವ ‘ಜಿಖ್’ ಜರ್ಮನ್ ಕಡೆಯಿಂದಲೇ ಬಂದದ್ದು. ಇತ್ತ ಓಸ್ಟ್‌ಫ್ರೀಸ್‌ಲಾಂಡಿನ ಪಶ್ಚಿಮ ಭಾಗದ ಕ್ಯಾಲ್ವಿನ್ ಪಂಥದ ಇಗರ್ಜಿಗಳಲ್ಲಿ 19ನೆಯ ಶತಮಾನದವರೆಗೂ ಉಪದೇಶ ನಡೆಯುತ್ತಿದ್ದುದು ಡಚ್ಚಿನಲ್ಲಿ.

ಹೆಸರಿನ ಗೊಂದಲಕ್ಕೂ ಇದೇ ಮೂಲ. ‘ಜನ’ ಎಂಬ ಅರ್ಥದ ಹಳೆಯ ಜರ್ಮನಿಕ್ ಶಬ್ದದಿಂದ, ಲ್ಯಾಟಿನ್ನಿಗೆ ಎದುರಾದ ಜನರ ನುಡಿ ಎಂಬ ಅರ್ಥದಲ್ಲಿ, ಒಂದು ಹೆಸರು ಹುಟ್ಟಿತು. ನಾವು ಮಾರ್ಗಕ್ಕೆ ಎದುರಾಗಿ ದೇಸಿ ಎನ್ನುವುದಿಲ್ಲವೇ, ಹಾಗೆ. ಅದೇ ಜರ್ಮನರ ‘ಡಾಯ್ಚ್’. ಇಂಗ್ಲಿಷರು ಅದನ್ನು ಕಡಲಾಚೆಯ ತಮ್ಮ ನೆರೆಯವರಿಗೆ ‘ಡಚ್’ ಎಂದು ಅಂಟಿಸಿದರು. ಆ ನೆರೆಯವರೋ ತಮ್ಮ ಭಾಷೆಯನ್ನು ‘ನೇಡರ್‌ಲಾಂಡ್ಸ್’, ತಗ್ಗುನಾಡಿನ ನುಡಿ, ಎಂದು ಕರೆದುಕೊಂಡು ‘ಡೌಟ್ಸ್’ ಎಂಬ ಹೆಸರನ್ನು ಜರ್ಮನಿಗೆ ಬಿಟ್ಟುಕೊಟ್ಟರು.

ಗ್ರೋನಿಂಗೆನ್ನಿನಲ್ಲಿ 1614ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯವಿದೆ. ಅದರ ಗ್ರಂಥಾಲಯದಲ್ಲಿ ಒಂದು ಪುಸ್ತಕ ನೋಡುವ ಕೆಲಸ ನನಗಿತ್ತು. ಮೂರು ರಾತ್ರಿ ತಂಗಲು ಒಬ್ಬ ವೃದ್ಧೆಯ ಮನೆಯಲ್ಲಿ ಮಾಳಿಗೆಯ ಕೋಣೆ ಸಿಕ್ಕಿತು. ಅವರಿಗೆ ಆಗ 78 ವರ್ಷ. ಗಂಡ ರೊಟ್ಟಿ ಅಂಗಡಿ ನಡೆಸುತ್ತಿದ್ದರಂತೆ. ತೀರಿಕೊಂಡು ಹತ್ತು ವರ್ಷವಾಗಿತ್ತು. ನಾನು ಬಾಗಿಲಲ್ಲಿ ನಿಂತು ನನ್ನ ಅತ್ಯುತ್ತಮ ಜರ್ಮನಿನಲ್ಲಿ ಪರಿಚಯ ಹೇಳಿಕೊಂಡೆ. ಅವರು ಮುಗುಳ್ನಕ್ಕು ಡಚ್ಚಿನಲ್ಲಿ ಉತ್ತರ ಕೊಟ್ಟರು. ಮತ್ತೆ ನಾನು ಜರ್ಮನಿನಲ್ಲಿ ಕೇಳಿದೆ. ಮತ್ತೆ ಡಚ್ಚಿನಲ್ಲೇ ಉತ್ತರ ಬಂತು. ಪಾಪ, ಅಜ್ಜಿಗೆ ಜರ್ಮನ್ ಬಾರದು, ಹೇಗೋ ಊಹಿಸಿಕೊಳ್ಳುತ್ತಾರೆ ಎಂದುಕೊಂಡೆ. ನನಗಂತೂ ಅವರ ಒಂದೊಂದು ಮಾತೂ ಸ್ಫಟಿಕದಷ್ಟು ಸ್ಪಷ್ಟವಾಗಿ ತಿಳಿಯುತ್ತಿತ್ತು. ತಿಂಡಿ ಎಷ್ಟು ಹೊತ್ತಿಗೆ ಎಂದರೆ ‘ಹಾಲ್ಫ್ ಆಖ್ಟ್’ ಎಂದರು. ಎಂಟಕ್ಕೆ ಹೋಗುವ ಅರ್ಧ, ಅಂದರೆ ಏಳೂವರೆ. ಜರ್ಮನರೂ ಹಾಗೆಯೇ ಎಣಿಸುತ್ತಾರೆ. ಇಂಗ್ಲಿಷನ್ನು ನೆಚ್ಚಿದವನಾದರೆ ಎಂಟೂವರೆಗೆ ಬಂದು ತಣ್ಣನೆಯ ರೊಟ್ಟಿ ತಿನ್ನುತ್ತಿದ್ದ. ಇಪ್ಪತ್ತೊಂದನ್ನು ‘ಒಂದು ಮತ್ತು ಇಪ್ಪತ್ತು’ ಎಂದು ತಿರುಗಿಸಿ ಹೇಳುವುದೂ ಎರಡರಲ್ಲಿಯೂ ಸಮಾನ. ಗಿಲ್ಡರ್ ನಾಣ್ಯಗಳನ್ನು ಎಣಿಸುವಾಗ ನಾನು ಒಮ್ಮೆಯೂ ಮೋಸಹೋಗಲಿಲ್ಲ. ಎರಡೇ ದಿನದಲ್ಲಿ ಒಂದು ಭಾಷೆ ವಶವಾಯಿತೆಂಬ ಗರ್ವ ತಲೆಗೇರಿತು.

ಎರಡನೆಯ ಸಂಜೆ ಗರ್ವಕ್ಕೆ ಸಣ್ಣದೊಂದು ಪೆಟ್ಟು ಬಿತ್ತು. ಗ್ರಂಥಾಲಯದವರ ಸಮಯ ತಿಳಿಯಬೇಕೆಂದು ನಾನು ಹೇಳಿದಾಗ ಅವರು, ‘ನಾಳೆ ಬೆಳಿಗ್ಗೆ ನಿಮಗೋಸ್ಕರ ನಾನು ಬೆಲ್ಲೆನ್ ಮಾಡುತ್ತೇನೆ’ ಎಂದರು. ಜರ್ಮನಿನಲ್ಲಿ ಬೆಲ್ಲೆನ್ ಎಂದರೆ ಬೊಗಳುವುದು! ನನ್ನ ಮುಖ ಹೇಗಾಯಿತೋ, ನಾನು ಬಾಯಿ ತೆರೆಯುವ ಮೊದಲೇ ಅವರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಆಮೇಲೆ, ‘ಟೆಲೆಫೊನೇರೆನ್’ ಎಂದು ತಿದ್ದಿ ಹೇಳಿದರು. ಡಚ್ಚಿನಲ್ಲಿ ಬೆಲ್ಲೆನ್ ಎಂದರೆ ಫೋನು ಮಾಡುವುದು. ನಾನೂ ನಕ್ಕೆ. ನಾನಿನ್ನೂ ಹೇಳದ ತಮಾಷೆ ಅವರಿಗೆ ಹೇಗೆ ತಿಳಿಯಿತೆಂದು ಆಗ ಯೋಚಿಸಲಿಲ್ಲ.

ಇಂಥ ಮೋಸದ ಶಬ್ದಗಳು ಡಚ್ಚಿನಲ್ಲಿ ಹೆಜ್ಜೆಹೆಜ್ಜೆಗೂ ಇವೆ. ‘ವಿಂಕೆಲ್’ ಜರ್ಮನರಿಗೆ ಮೂಲೆ, ಡಚ್ಚರಿಗೆ ಅಂಗಡಿ. ‘ವೀ’ ಎಂದರೆ ಜರ್ಮನಿನಲ್ಲಿ ‘ಹೇಗೆ’, ಡಚ್ಚಿನಲ್ಲಿ ‘ಯಾರು’. ‘ಸ್ಲಿಮ್’ ಎಂದು ಹೊಗಳಿದರೆ ಜಾಣನೆಂದರ್ಥ. ಅದರ ಜರ್ಮನ್ ದಾಯಾದಿ ‘ಷ್ಲಿಮ್’ ಎಂದರೆ ಕೆಟ್ಟದ್ದು. ‘ಆಂದಾಖ್ಟ್’ ಅಲ್ಲಿ ಪ್ರಾರ್ಥನೆಯ ಏಕಾಗ್ರತೆ, ಇಲ್ಲಿ ಬರಿಯ ಗಮನ. ರೈಲು ನಿಲ್ದಾಣದ ಧ್ವನಿವರ್ಧಕವೂ ಅದನ್ನು ಬೇಡುತ್ತದೆ. ಎಲ್ಲಕ್ಕಿಂತ ಸೊಗಸಾದದ್ದು ನೀರಿನ ಕಥೆ. ಜರ್ಮನಿನಲ್ಲಿ ‘ಮೇರ್’ ಕಡಲು, ‘ಜೇ’ ಸರೋವರ. ಡಚ್ಚಿನಲ್ಲಿ ‘ಜೇ’ ಕಡಲು, ‘ಮೇರ್’ ಸರೋವರ. 1932ರಲ್ಲಿ ಡಚ್ಚರು ಸುಮಾರು 32 ಕಿಲೋಮೀಟರ್ ಉದ್ದದ ಅಡ್ಡಗಟ್ಟೆ ಹಾಕಿ ತಮ್ಮ ‘ಜೌಡರ್ ಜೇ’ ಎಂಬ ಕಡಲಿನ ಬಾಯಿ ಮುಚ್ಚಿದರು. ಉಪ್ಪುನೀರು ಕ್ರಮೇಣ ಸಿಹಿಯಾಯಿತು. ಹೆಸರೂ ‘ಐಸೆಲ್‌ಮೇರ್’ ಎಂದಾಯಿತು. ಜರ್ಮನನ ಕಿವಿಗೆ ಸರೋವರ ಕಡಲಾದಂತೆ ಕೇಳುವುದು ನಡೆದದ್ದರ ತದ್ವಿರುದ್ಧ. ಇನ್ನು ಜರ್ಮನ್ ಪೂರಾ ಕೈಬಿಡುವ ಕಡೆಯೂ ಇದೆ. ಗಣಿತಕ್ಕೆ ಜರ್ಮನರು ಮಾಥೆಮಾಟಿಕ್ ಎಂದರೆ ಡಚ್ಚರು ‘ವಿಸ್‌ಕುಂಡೆ’ ಎನ್ನುತ್ತಾರೆ. ಸಿಮೊನ್ ಸ್ಟೇವಿನ್ ಎಂಬ ಗಣಿತಜ್ಞ ನಾಲ್ಕು ಶತಮಾನಗಳ ಹಿಂದೆ ಹಟ ಹಿಡಿದು ಶಾಸ್ತ್ರಗಳಿಗೆ ನಾಡನುಡಿಯ ಶಬ್ದಗಳನ್ನು ಟಂಕಿಸಿದುದರ ಫಲ ಅದು. ಆಡಳಿತ ಕನ್ನಡದ ಸಮಿತಿಗಳಲ್ಲಿ ಕೂತು ಬಂದ ನನಗೆ ಅವನ ಮೇಲೆ ಅಸೂಯೆಯೇ ಆಯಿತು.

ಕೊನೆಯ ರಾತ್ರಿ ಊಟವಾದ ಮೇಲೆ ನಾನು ಬಾಸೆಲ್‌ನಿಂದ ತಂದ ಒಂದು ಜೆರಾಕ್ಸ್ ಪ್ರತಿಯನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡಿದ್ದೆ. 1850ರ ದಶಕದಲ್ಲಿ ಧಾರವಾಡದ ಕಡೆಯಿಂದ ಒಬ್ಬ ಪಾದ್ರಿ ಊರಿಗೆ ಬರೆದ ಪತ್ರ. ಹಳೆಯ ಜರ್ಮನ್ ಕೈಬರಹ. ಮುಳ್ಳುಬೇಲಿಯಂತೆ ಒಂದೇ ಸಮನೆ ಮೇಲೆ ಕೆಳಗೆ ಹೋಗುವ ಗೀಟುಗಳು. ಎರಡು ಸಾಲಿಗೆ ನಾನು ಸೋತಿದ್ದೆ. ಪಾತ್ರೆ ಒರೆಸುತ್ತಿದ್ದ ಅವರು ಭುಜದ ಹಿಂದೆ ಬಂದು ನಿಂತರು. ಒಂದು ಗಳಿಗೆ ಸುಮ್ಮನಿದ್ದರು. ಬಳಿಕ ಕೈ ಒರೆಸಿಕೊಂಡು, ಕನ್ನಡಕ ತಂದು, ಕುರ್ಚಿ ಎಳೆದು ಕೂತು, ಓದತೊಡಗಿದರು. ಜರ್ಮನ್. ನನ್ನ ಮ್ಯಾಕ್ಸ್‌ಮುಲ್ಲರ್ ಭವನದ ಜರ್ಮನಲ್ಲ. ಹುಟ್ಟಿನಿಂದ ಆ ನಾಡಿನಲ್ಲಿ ಬೆಳೆದವರ ಜರ್ಮನ್. ಮಳೆ ತಡವಾಗಿದೆ, ಕುದುರೆಯ ಕಾಲಿಗೆ ಗಾಯವಾಗಿದೆ, ಈ ಊರಿನ ಮಾತು ಇನ್ನೂ ನನ್ನ ನಾಲಗೆಗೆ ಹತ್ತಿಲ್ಲ ಎಂದು ಪಾದ್ರಿ ಬರೆದಿದ್ದ. ಆ ಕಡೆಯ ಮಾತಿನ ಬಳಿ ಅವರು ತುಸು ತಡೆದರು. ಈ ಬರಹದಲ್ಲಿ ‘ಉ’ವೂ ‘ನ’ವೂ ಒಂದೇ ರೀತಿ ಕಾಣುತ್ತವೆ, ಅದಕ್ಕೆಂದೇ ಉಕಾರದ ನೆತ್ತಿಯ ಮೇಲೆ ಒಂದು ಪುಟ್ಟ ಬಿಲ್ಲನ್ನು ಎಳೆಯುತ್ತಾರೆ, ನೋಡಿ, ಎಂದು ಬೆರಳಿಟ್ಟು ತೋರಿಸಿದರು. ನಾಲ್ಕು ಪುಟವನ್ನೂ ಓದಿ ಮುಗಿಸಿ ಕನ್ನಡಕ ತೆಗೆದರು. ಮತ್ತೆ ಡಚ್ಚಿಗೆ ಮರಳಿದರು.

ಆ ರಾತ್ರಿ ಅವರು ಹೇಳಿದ್ದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಹುಟ್ಟಿದ್ದು ಗಡಿಯ ಆಚೆ, ಓಸ್ಟ್‌ಫ್ರೀಸ್‌ಲಾಂಡಿನಲ್ಲಿ. ನಾನು ಮೂರು ದಿನದ ಹಿಂದೆ ಚಹಾ ಕುಡಿದ ಸೀಮೆಯಲ್ಲೇ. ಮೊದಲ ಮಹಾಯುದ್ಧ ಕಳೆದ ಮೇಲೆ ಜರ್ಮನಿಯ ಬಡತನದಿಂದ ಸಾವಿರಾರು ಹುಡುಗಿಯರು ಹಾಲೆಂಡಿನ ಮನೆಗಳಿಗೆ ಕೆಲಸಕ್ಕೆ ಬಂದರು. 1932ರಲ್ಲಿ, 17ನೆಯ ವಯಸ್ಸಿನಲ್ಲಿ, ಇವರೂ ಬಂದರು. ರೊಟ್ಟಿ ಅಂಗಡಿಯ ಹುಡುಗನನ್ನು ಮದುವೆಯಾದರು. ಮನೆಮಾತು ಪ್ಲಾಟ್, ಗ್ರೋನಿಂಗೆನ್ನಿನ ಹಳ್ಳಿಮಾತಿಗೂ ಅದಕ್ಕೂ ಕೂದಲೆಳೆಯ ಅಂತರ. ಬಂದ ವರ್ಷದೊಳಗೆ ಈಕೆ ಹೊರಗಿನವಳೆಂದು ಯಾರಿಗೂ ತಿಳಿಯದಂತಾಯಿತು. ಆಮೇಲೆ 1940ರ ಮೇ 10 ಬಂತು. ಜರ್ಮನ್ ಸೇನೆ ಗಡಿ ದಾಟಿತು; 14ರಂದು ರೊಟರ್‌ಡಾಮ್ ನಗರ ಬಾಂಬಿಗೆ ಸಿಕ್ಕಿ ಉರಿಯಿತು. ಆ ದಿನಗಳಲ್ಲಿ ವೇಷ ಮರೆಸಿದ ಜರ್ಮನರನ್ನು ಪತ್ತೆ ಮಾಡಲು ಡಚ್ ಸೈನಿಕರು ‘ಸ್ಖೇವೆನಿಂಗೆನ್’ ಎಂಬ ಊರಿನ ಹೆಸರನ್ನು ಹೇಳಿಸುತ್ತಿದ್ದರೆಂದು ಪ್ರತೀತಿ. ಜರ್ಮನ್ ನಾಲಗೆ ಅದನ್ನು ‘ಷೇ’ ಎಂದು ಆರಂಭಿಸಿ ಸಿಕ್ಕಿಬೀಳುತ್ತಿತ್ತಂತೆ. ಐದು ವರ್ಷ ಅಂಗಡಿಗೆ ರೊಟ್ಟಿಗೆಂದು ಬಂದ ಸೈನಿಕರಿಗೆ ಈಕೆ ಡಚ್ಚಿನಲ್ಲೇ ಉತ್ತರ ಕೊಟ್ಟರು. ಅವರಲ್ಲಿ ಒಬ್ಬ ತನ್ನ ಪಕ್ಕದ ಹಳ್ಳಿಯವನೆಂದು ಅವನ ಮಾತಿನಲ್ಲಿ ಗುರುತಾದಾಗಲೂ ಡಚ್ಚಿನಲ್ಲೇ. 1945ರ ಏಪ್ರಿಲ್ ತಿಂಗಳಲ್ಲಿ ಕೆನಡಾದ ಸೈನ್ಯ ಬಂದು ನಗರ ಬಿಡುಗಡೆಯಾದ ವಾರ ಅವರು ಹಿಂದಿನ ಕೋಣೆಯಿಂದ ಹೊರಗೆ ಬರಲಿಲ್ಲವಂತೆ. ಗೊತ್ತಿದ್ದ ನೆರೆಯವರು ಯಾರೂ ಬಾಯಿಬಿಡಲಿಲ್ಲ. ಮಕ್ಕಳಿಗೆ ಜರ್ಮನ್ ಕಲಿಸಲಿಲ್ಲ. ‘ಮೆನೇರ್, ನೀವು ಬಾಗಿಲಲ್ಲಿ ಅಷ್ಟು ಚೆನ್ನಾಗಿ ಆಡಿದಿರಿ. ಉತ್ತರ ಗಂಟಲವರೆಗೆ ಬಂದಿತ್ತು’ ಎಂದರು.

ಆಮೇಲೆ ನಾಚುತ್ತಲೇ ಇನ್ನೊಂದು ಮಾತು ಹೇಳಿದರು. ಡಚ್ಚಿನಲ್ಲಿ ಒಂದೇ ಅರ್ಥಕ್ಕೆ ಎರಡು ಶಬ್ದಗಳಿದ್ದಾಗಲೆಲ್ಲ ಜರ್ಮನಿಗೆ ಹತ್ತಿರವಾದುದನ್ನೇ ಅವರು ನನಗಾಗಿ ಆರಿಸುತ್ತಿದ್ದರಂತೆ. ಬೆಲ್ಲೆನ್ ಒಂದು ಮಾತ್ರ ತಪ್ಪಿ ಜಾರಿತು. ನಾನು ವಶಮಾಡಿಕೊಂಡೆನೆಂದು ಬೀಗಿದ ಡಚ್ಚು, ನನ್ನ ಬಟ್ಟಲಿಗೆ ಅವರು ಸೋಸಿ ಹಾಕಿದ್ದ ಡಚ್ಚು.

ಮರುದಿನ ಆಮ್‌ಸ್ಟರ್‌ಡಾಮ್ ಸೇರಿದ ಮೇಲೆ ಇದರ ರುಜುವಾತು ಸಿಕ್ಕಿತು. ಟ್ರಾಮಿನಲ್ಲಿ ಟಿಕೆಟ್ ನೋಡಲು ಬಂದಾತ ಏನೋ ಕೇಳಿದ. ಗಂಟಲ ಆಳದಿಂದ ಹೊರಟ ಖಕಾರಗಳ ಸುರಿಮಳೆಯಲ್ಲಿ ನನಗೆ ಒಂದು ಶಬ್ದವೂ ದಕ್ಕಲಿಲ್ಲ. ಅಭ್ಯಾಸಬಲದಿಂದ ಜರ್ಮನಿನಲ್ಲಿ ಉತ್ತರಿಸಲು ಬಾಯಿ ತೆರೆದವನು ಹಾಗೆಯೇ ಮುಚ್ಚಿ, ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದೆ.

ಪ್ರಿನ್ಸೆನ್‌ಖ್ರಾಖ್ಟ್ ಎಂಬ ಕಾಲುವೆಯ ದಂಡೆಯಲ್ಲಿ 263ನೆಯ ನಂಬರಿನ ಮನೆ ಇದೆ. ಆನ್ ಫ್ರಾಂಕ್ ಎಂಬ ಬಾಲಕಿ 1942ರ ಜುಲೈನಿಂದ 1944ರ ಆಗಸ್ಟ್‌ವರೆಗೆ ಅಡಗಿದ್ದ ತಾಣ. ಆ ದಿನಚರಿ ಡಚ್ಚಿನಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಆಕೆ ಹುಟ್ಟಿದ್ದು ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ. ಅಲ್ಲಿ ಅಡಗಿದ್ದ ಎಂಟು ಮಂದಿಯೂ ಜರ್ಮನಿಯಲ್ಲಿ ಹುಟ್ಟಿದವರು. ಜರ್ಮನ್ ಬಲವನ್ನೇ ನೆಚ್ಚಿ ಡಚ್ಚಿನೊಳಗೆ ಬದುಕಲು ಬಂದವರು ಅವರು; ನನ್ನಂತೆ ಮೂರು ದಿನದ ಪ್ರವಾಸಕ್ಕಲ್ಲ. ತಮ್ಮ ಅಡಗುತಾಣಕ್ಕೆ ಅವರು ವಿನೋದಕ್ಕೆಂದು ಬರೆದುಕೊಂಡ ನಿಯಮಾವಳಿಯಲ್ಲಿ ನಾಗರಿಕ ಭಾಷೆಗಳಿಗೆಲ್ಲ ಅವಕಾಶವಿತ್ತು, ಜರ್ಮನಿಗೆ ಇರಲಿಲ್ಲ. ತಾಯ್ನುಡಿಯನ್ನು ಹಾಗೆ ಗೇಲಿ ಮಾಡಿ ನಕ್ಕವರಲ್ಲಿ ಒಬ್ಬ ತಂದೆಯನ್ನು ಬಿಟ್ಟು ಯಾರೂ ಹಿಂತಿರುಗಲಿಲ್ಲ. ನೆದರ್ಲೆಂಡ್ಸಿನಲ್ಲಿದ್ದ ಸುಮಾರು 1,40,000 ಯಹೂದ್ಯರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಅಳಿದರು. ಆ ಕಟ್ಟಡದ ಕೆಳಗೆ ನಡೆಯುತ್ತಿದ್ದುದು ಮಸಾಲೆ ಪದಾರ್ಥಗಳ ವ್ಯಾಪಾರ. ಎಂಟನೆಯವರಾಗಿ ಬಂದು ಸೇರಿದ ದಂತವೈದ್ಯರ ಮನೆತನದ ಹೆಸರು ಪ್ಫೆಫರ್. ಇಕ್ಕಟ್ಟಾದ ಆ ಕೋಣೆಯಲ್ಲಿ ನಿಂತಾಗ ಧ್ವನಿಪಲ್ಲಟದ ಸೂತ್ರ ನೆನಪಿಗೆ ಬಂದುದಕ್ಕೆ ನನ್ನ ಮೇಲೆ ನನಗೇ ಬೇಸರವಾಯಿತು.

ಊರಿಗೆ ಮರಳಿ ಆ ತಾಯಿಗೆ ಕೃತಜ್ಞತೆಯ ಕಾಗದ ಬರೆಯಲು ಕೂತೆ. ಸರಾಗವಾಗಿ ಹರಿದದ್ದು ಜರ್ಮನ್, ಹರಿದುಹಾಕಿದೆ. ನಿಘಂಟು ಇಟ್ಟುಕೊಂಡು ಹನ್ನೊಂದು ಸಾಲಿನ ಡಚ್ಚು ಬರೆದೆ. ಎಷ್ಟು ತಪ್ಪಿದ್ದವೋ ದೇವರೇ ಬಲ್ಲ. ಶಿರಸಿಯ ಗೆಳೆಯರೊಬ್ಬರು ಕೊಟ್ಟಿದ್ದ ಕಾಳುಮೆಣಸಿನ ಒಂದು ಪೊಟ್ಟಣವನ್ನೂ ಜೊತೆಗೆ ಕಳಿಸಿದೆ. ಎರಡೂವರೆ ತಿಂಗಳ ಮೇಲೆ ಒಂದು ಕಾರ್ಡು ಬಂತು. ಡಚ್ಚಿನಲ್ಲಿ ನಾಲ್ಕು ಸಾಲು. ‘ಪೇಪರ್’ ತಲುಪಿತು, ಬೀಸುವಾಗ ಮನೆಯೆಲ್ಲ ಘಮಘಮಿಸಿತು, ನೆರೆಮನೆಗೂ ಹಂಚಿದೆ ಎಂದಿತ್ತು. ಅಕ್ಷರಗಳು ಎಲ್ಲರೂ ಬರೆಯುವಂಥ ರೋಮನ್ ಅಕ್ಷರಗಳೇ. ಉಕಾರಗಳ ನೆತ್ತಿಯ ಮೇಲೆ ಮಾತ್ರ ಒಂದೊಂದು ಪುಟ್ಟ ಬಿಲ್ಲಿತ್ತು.